ಅಗಾಸಿಯ ತೋಟ: ನೋಡುವ ಬಗೆ, ತೋರಿಸುವ ಬಗೆ

ಒಬ್ಬರ ತೋಟವನ್ನು ಮತ್ತೊಬ್ಬರು ನೋಡಲು ಹೋಗುವುದು ಕನ್ನಡನಾಡಿನಲ್ಲಿ ಹೊಸ ಸಂಗತಿಯಲ್ಲ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ, ನೆಂಟರ ಮನೆಗೆ ಹೋದವರು ಕಾಫಿ ಕುಡಿದಾದ ಮೇಲೆ ಹಿತ್ತಿಲಿಗೆ ಒಂದು ಸುತ್ತು ಹಾಕಿ, ಹಿಂದಿರುಗುವಾಗ ಒಂದು ಹಂಬನ್ನೋ ಗೆಡ್ಡೆಯನ್ನೋ ಬೀಜದ ಪೊಟ್ಟಣವನ್ನೋ ಕೈಯಲ್ಲಿ ಹಿಡಿದು ಬರುವುದು ಹಿಂದಿನಿಂದ ನಡೆದುಬಂದ ರೂಢಿ. ಉದ್ಯೋಗ ನಿಮಿತ್ತ ಗುಜರಾತಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಬಹುತೇಕರಿಗೆ ಹಿತ್ತಿಲೆಂಬುದಿಲ್ಲ. ಇರುವುದು ಮನೆಯ ಮೇಲಣ ತಾರಸಿ. ಗುಜರಾತಿಗಳು ಅದನ್ನು 'ಅಗಾಸಿ' ಎಂದೂ 'ಧಾಬು' ಎಂದೂ ಕರೆಯುತ್ತಾರೆ. ಬೇಸಗೆಯ ರಾತ್ರಿ ಹಾಸಿಗೆ ಹಾಸುವುದಕ್ಕೂ, ಹಪ್ಪಳ ಸಂಡಿಗೆ ಒಣಗಿಸುವುದಕ್ಕೂ, ಉತ್ತರಾಯಣದಂದು ಗಾಳಿಪಟ ಹಾರಿಸುವುದಕ್ಕೂ ಬಳಕೆಯಾಗುತ್ತಿದ್ದ ಈ ಅಗಾಸಿಯೇ ಈಗ ಅನೇಕರ ಹಿತ್ತಿಲಾಗಿ ಪರಿಣಮಿಸಿದೆ.

ಅಹಮದಾಬಾದಿನ ಉತ್ತರದ ಅಂಚಿನಲ್ಲಿ, ಸಾಬರಮತಿಯಿಂದ ಗಾಂಧಿನಗರಕ್ಕೆ ಹೋಗುವ ದಾರಿಯಲ್ಲಿರುವ ಚಾಂದ್‌ಖೇಡಾ ಇಂತಹ ತೋಟಗಳಿಗೆ ಅನುಕೂಲವಾದ ಬಡಾವಣೆ. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಕಚೇರಿಗಳ ಕಾರಣದಿಂದ ದೇಶದ ನಾನಾ ಭಾಗಗಳ ಜನ ಇಲ್ಲಿ ಬಂದು ನೆಲೆಸಿದ್ದಾರೆ. ಒಂದೆರಡು ಅಂತಸ್ತಿನ ಮನೆಗಳ ಸಾಲುಗಳೂ ಫ್ಲ್ಯಾಟುಗಳೂ ಅಕ್ಕಪಕ್ಕದಲ್ಲಿವೆ. ಬಿಸಿಲಿಗಂತೂ ಕೊರತೆಯೇ ಇಲ್ಲ. ಆದರೆ ಬಿಸಿಲು ಹೇರಳವಾಗಿದ್ದ ಮಾತ್ರಕ್ಕೆ ತೋಟವಾಗದು. ಕರ್ನಾಟಕದಿಂದ ತಂದ ಬೀಜದೊಡನೆ ಕರ್ನಾಟಕದ ಪಂಚಾಂಗವನ್ನೂ ತಂದು ಬಿತ್ತುವವರು ಮೊದಲ ವರ್ಷ ಗಿಡಗಳನ್ನು ಕಳೆದುಕೊಳ್ಳುವುದೇ ಹೆಚ್ಚು. ಈ ನಷ್ಟವನ್ನು ತಪ್ಪಿಸುವ ಸುಲಭ ಮಾರ್ಗವೆಂದರೆ, ಅದೇ ಬಿಸಿಲಿನಲ್ಲಿ, ಅದೇ ನೀರಿನಲ್ಲಿ ಗಿಡ ಬೆಳೆಸಿರುವ ನೆರೆಯವರ ಅಗಾಸಿಯನ್ನು ಹತ್ತಿ ನೋಡುವುದು. ಅಂತಹ ಭೇಟಿಯಲ್ಲಿ ಏನನ್ನು ನೋಡಬೇಕು, ಏನನ್ನು ತೋರಿಸಬೇಕು, ಆರೋಗ್ಯದ ದೃಷ್ಟಿಯಿಂದ ಯಾವುದರ ಬಗ್ಗೆ ಎಚ್ಚರವಹಿಸಬೇಕು ಎಂಬುದರ ವಿವೇಚನೆ ಇಲ್ಲಿದೆ.

ಬೆಂಗಳೂರಿನ ಮೇಲ್ಪಂಕ್ತಿ

ತಾರಸಿ ತೋಟಗಾರರು ಪರಸ್ಪರ ಕಲಿಯುವ ಪದ್ಧತಿಗೆ ಬೆಂಗಳೂರು ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು ನಗರವಾಸಿಗಳಿಗೆ ಸಾವಯವ ತಾರಸಿ ತೋಟದ ತರಬೇತಿಯನ್ನು ನೀಡುತ್ತ, ಅದನ್ನೊಂದು ಚಳವಳಿಯಾಗಿಯೇ ಬೆಳೆಸಿದರು. ಈ ಬಳಗದ ಪ್ರಯತ್ನದಿಂದ 2011ರಲ್ಲಿ ಆರಂಭವಾದ 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳದಲ್ಲಿ ತೋಟಗಾರರು ಒಂದೆಡೆ ಸೇರಿ ಬೀಜ, ಸಸಿ ಹಾಗೂ ಅನುಭವಗಳನ್ನು ವಿನಿಮಯ ಮಾಡಿಕೊಳ್ಳುವ ಪರಿಪಾಠ ಬೆಳೆಯಿತು. ತಜ್ಞರ ಉಪನ್ಯಾಸಕ್ಕಿಂತಲೂ ಅನುಭವಸ್ಥ ಗೃಹಿಣಿಯೋ ನಿವೃತ್ತ ನೌಕರರೋ ತಮ್ಮ ಕುಂಡದ ಮುಂದೆ ನಿಂತು ಹೇಳುವ ನಾಲ್ಕು ಮಾತು ಹೊಸಬರ ಮನಸ್ಸಿನಲ್ಲಿ ಬೇಗ ನಿಲ್ಲುತ್ತದೆ. ಚಾಂದ್‌ಖೇಡಾದ ಐದಾರು ಮನೆಗಳವರು ಸೇರಿದರೂ ಇಂತಹ ಏರ್ಪಾಡು ಸಾಧ್ಯ. ಅದಕ್ಕೆ ಸಭಾಂಗಣವೂ ಬೇಡ, ಚಂದಾ ಹಣವೂ ಬೇಡ.

ಎರಡು ಊರು, ಎರಡು ಪಂಚಾಂಗ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಹಮದಾಬಾದು ಕೇವಲ 50 ಮೀಟರಿನಷ್ಟು ಎತ್ತರದಲ್ಲಿದೆ. ಇದರ ಪರಿಣಾಮವನ್ನು 2016ನೆಯ ವರ್ಷದ ಎರಡು ಅಂಕಿಗಳು ಸ್ಪಷ್ಟಪಡಿಸುತ್ತವೆ. ಆ ವರ್ಷ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾದಾಗ ಅದು ಆ ನಗರಕ್ಕೆ ಅತ್ಯಧಿಕವೆನಿಸಿತು. ಮೇ 20ರಂದು ಅಹಮದಾಬಾದಿನಲ್ಲಿ ಅದು 48 ಡಿಗ್ರಿಯನ್ನು ಮುಟ್ಟಿತು. ಬೆಂಗಳೂರಿನಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಗುಡುಗಿನೊಡನೆ ಬರುವ ಮುಂಗಾರುಪೂರ್ವ ಮಳೆ ಗಿಡಗಳ ಜೀವ ಉಳಿಸುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೆ ಹೇರಳವಾಗಿ ಮಳೆಯಾಗುತ್ತದೆ. ಅಹಮದಾಬಾದಿನಲ್ಲಿ ಜೂನ್ ಕೊನೆಯ ವಾರದಿಂದ ಸೆಪ್ಟೆಂಬರಿನವರೆಗೆ ಬೀಳುವುದೇ ವರ್ಷದ ಮಳೆ. ನವೆಂಬರಿನಿಂದ ಮೇ ತಿಂಗಳವರೆಗೆ ಆಕಾಶವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

ಹೀಗಿರುವಲ್ಲಿ ಬಿತ್ತನೆಯ ಕಾಲವೂ ಬದಲಾಗಬೇಕಾದುದು ಸಹಜ. ಊರಿನಲ್ಲಿ ಯುಗಾದಿಯ ಆಸುಪಾಸಿನಲ್ಲಿ ನೆಟ್ಟ ಟೊಮೇಟೊ ಕಾಯಿ ಬಿಟ್ಟೀತು. ಇಲ್ಲಿ ಅದೇ ಕಾಲಕ್ಕೆ ನೆಟ್ಟರೆ ಗಿಡ ಹಸಿರಾಗಿ ಬೆಳೆದರೂ ಹೂವು ಉದುರಿಹೋಗುತ್ತದೆ. ಹಗಲಿನ ಉಷ್ಣಾಂಶ 35 ಡಿಗ್ರಿಯನ್ನು ಮೀರಿ, ರಾತ್ರಿಯೂ ಸೆಕೆಯಾದರೆ ಟೊಮೇಟೊದ ಪರಾಗ ನಿಸ್ಸತ್ತ್ವವಾಗಿ ಕಾಯಿ ಕಟ್ಟುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಗೊಬ್ಬರ ಸಾಲದೆಂದು ಭಾವಿಸಿ ಮತ್ತಷ್ಟು ಗೊಬ್ಬರ ಸುರಿಯುವುದು ನಿಷ್ಪ್ರಯೋಜಕ.

ಇಲ್ಲಿನ ಕ್ರಮ ಸ್ಥೂಲವಾಗಿ ಹೀಗಿದೆ. ಮಳೆ ಹಿಡಿದ ಕೂಡಲೇ, ಎಂದರೆ ಜೂನ್ ಕೊನೆ ಅಥವಾ ಜುಲೈ ಮೊದಲ ವಾರದಲ್ಲಿ, ಬೆಂಡೆ, ಗೋರಿಕಾಯಿ, ಹೀರೆ, ಹಾಗಲ, ಪಡವಲ, ಅಲಸಂದೆ ಮತ್ತು ಅವರೆಯನ್ನು ಬಿತ್ತುವುದು. ಸೆಪ್ಟೆಂಬರಿನಲ್ಲಿ ಟೊಮೇಟೊ, ಬದನೆ, ಹೂಕೋಸುಗಳ ಸಸಿ ಎಬ್ಬಿಸಿ, ಅಕ್ಟೋಬರಿನ ಬಿಸಿಲು ಇಳಿದಂತೆ ಕುಂಡಗಳಿಗೆ ನಾಟಿ ಮಾಡುವುದು. ದೀಪಾವಳಿಯ ಹೊತ್ತಿಗೆ ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಬಟಾಣಿಗಳನ್ನು ಬಿತ್ತುವುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲವೇ ಇಲ್ಲಿನ ತೋಟಗಾರನ ಸುಗ್ಗಿ. ಫೆಬ್ರವರಿಯಲ್ಲಿ ಮತ್ತೊಮ್ಮೆ ಬೆಂಡೆ ಮತ್ತು ಬಳ್ಳಿ ತರಕಾರಿಗಳನ್ನು ಹಾಕಿದರೆ ಮೇ ತಿಂಗಳ ಬೆಂಕಿಗೆ ಮೊದಲೇ ಫಸಲು ಕೈಸೇರುತ್ತದೆ. ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ ಹೊಸ ಬೆಳೆಯ ಯೋಚನೆ ಬಿಟ್ಟು, ಇರುವ ಬಹುವಾರ್ಷಿಕ ಗಿಡಗಳನ್ನು ಉಳಿಸಿಕೊಳ್ಳುವುದೇ ಜಾಣತನ.

ಹಾಗೆಂದು ಊರಿನ ಗಿಡಗಳೆಲ್ಲ ಇಲ್ಲಿ ಅಪರಿಚಿತವೆಂದು ಭಾವಿಸಬೇಕಾಗಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕನ್ನಡಿಗರು ಹಂಬಲಿಸುವ ಅವರೆಯ ಹತ್ತಿರದ ನೆಂಟನೇ ಸುರತ್ತಿನ ಪಾಪಡಿ. ಉತ್ತರಾಯಣದ ಊಂಧಿಯುವಿಗೆ ಅದು ಬೇಕೇ ಬೇಕು. ಕರಾವಳಿಯ ಪತ್ರೊಡೆಗೆ ಬೇಕಾದ ಕೆಸುವಿನೆಲೆಯನ್ನೇ ಗುಜರಾತಿಗಳು ಅಳವಿಯೆಂದು ಕರೆದು 'ಪಾತ್ರಾ' ಮಾಡುತ್ತಾರೆ. ತಂಬುಳಿಗೆ ಒದಗುವ ದೊಡ್ಡಪತ್ರೆ ಇಲ್ಲಿ ಅಜಮೆಯ ಎಲೆಯೆಂಬ ಹೆಸರಿನಲ್ಲಿ ಭಜಿಯಾ ಆಗುತ್ತದೆ. ಕರಿಬೇವಿಗೆ 'ಮೀಠೋ ಲೀಮಡೋ', ನುಗ್ಗೆಗೆ 'ಸರಗವೋ' ಎಂಬ ಹೆಸರು ತಿಳಿದಿದ್ದರೆ ನೆರೆಯವರೊಡನೆ ಮಾತು ತಾನಾಗಿಯೇ ಬೆಳೆಯುತ್ತದೆ.

ಭೇಟಿಯ ಕ್ರಮ

ಭೇಟಿಗೆ ಬೆಳಗಿನ ಏಳರಿಂದ ಒಂಬತ್ತರ ಸಮಯ ಪ್ರಶಸ್ತ. ಹೂವು, ಕೀಟ, ಎಲೆಯ ಬಣ್ಣ ಎಲ್ಲವೂ ಆಗ ನಿಚ್ಚಳವಾಗಿ ಕಾಣುತ್ತವೆ. ಆದರೆ ಬಿಸಿಲಿನ ಅಂದಾಜು ಸಿಗಬೇಕಾದರೆ ವರ್ಷದಲ್ಲಿ ಒಮ್ಮೆಯಾದರೂ ಅದೇ ತೋಟವನ್ನು ಬೇಸಗೆಯಲ್ಲಿ ನೋಡಬೇಕು. ಜನವರಿಯಲ್ಲಿ ಎಲ್ಲರ ಅಗಾಸಿಯೂ ಚೆಂದವೇ. ತೋಟಗಾರನ ನಿಜವಾದ ಲೆಕ್ಕ ತಿಳಿಯುವುದು ಮೇ ತಿಂಗಳಲ್ಲಿ.

ಮನೆಯವರು ಚೆನ್ನಾಗಿ ಬಂದ ಗಿಡಗಳನ್ನು ಮುಂದಿಟ್ಟು, ಸತ್ತ ಗಿಡಗಳ ಕುಂಡಗಳನ್ನು ನೀರಿನ ಟಾಂಕಿಯ ಹಿಂದೆ ಸರಿಸುವುದು ಮನುಷ್ಯ ಸ್ವಭಾವ. ಆದರೆ ನೋಡಲು ಬಂದವರಿಗೆ ಹೆಚ್ಚು ಉಪಯೋಗವಾಗುವುದು ಆ ಖಾಲಿ ಕುಂಡಗಳಿಂದಲೇ. ಜಮಾ ಬದಿಯನ್ನು ಮಾತ್ರ ತೋರಿಸಿ ಖರ್ಚಿನ ಬದಿಯನ್ನು ಮುಚ್ಚಿಟ್ಟ ಲೆಕ್ಕಪುಸ್ತಕದಿಂದ ಯಾರಿಗೂ ಪ್ರಯೋಜನವಿಲ್ಲ. ಆದುದರಿಂದ ಪ್ರತಿ ಗಿಡದ ಮುಂದೆ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳುವುದು ಒಳ್ಳೆಯದು: ಯಾವ ತಿಂಗಳು ಬಿತ್ತಿದ್ದು, ದಿನಕ್ಕೆ ಎಷ್ಟು ಗಂಟೆ ಬಿಸಿಲು, ನೀರು ಯಾವುದು, ಹಿಂದೆ ಇದೇ ಕುಂಡದಲ್ಲಿ ಏನು ಸತ್ತಿತು? ವರ್ಷಕ್ಕೆ ನಾಲ್ಕು ಮನೆಗಳಲ್ಲಿ ಹೀಗೆ ಬರೆದಿಟ್ಟರೆ, ಚಾಂದ್‌ಖೇಡಾದ ಹವೆಗೆ ಒಪ್ಪುವ ಪಂಚಾಂಗವೊಂದು ಸಿದ್ಧವಾಗುತ್ತದೆ.

ಅನುಮತಿಯಿಲ್ಲದೆ ಕುಡಿ ಮುರಿಯಬಾರದೆಂಬುದನ್ನು ಹೇಳಬೇಕಾಗಿಲ್ಲ. ಪ್ರೀತಿಯಿಂದ ಕೊಟ್ಟ ಕುಡಿಯನ್ನೂ ನೇರವಾಗಿ ತಮ್ಮ ಗಿಡಗಳ ನಡುವೆ ಇಡಬಾರದು. ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹಿಟ್ಟುತಿಗಣೆ ಎಲೆಯ ಕಂಕುಳಲ್ಲಿ ಅಡಗಿ ಒಂದು ಮನೆಯಿಂದ ಮತ್ತೊಂದು ಮನೆಗೆ ಪಯಣಿಸುತ್ತದೆ. ಹೊಸ ಗಿಡವನ್ನು ಎರಡು ವಾರ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಅನಂತರ ಉಳಿದವುಗಳ ಜೊತೆ ಸೇರಿಸುವುದು ಕ್ಷೇಮಕರ.

ಭಾರದ ಲೆಕ್ಕ

ಮೊದಲು ನೋಡಬೇಕಾದುದು ಗಿಡವನ್ನಲ್ಲ, ಗಿಡ ನಿಂತಿರುವ ನೆಲವನ್ನು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಒಂದು ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಬಳಕೆಯ ಭಾರವನ್ನು ಗಣನೆಗೆ ತೆಗೆದುಕೊಂಡು ವಿನ್ಯಾಸ ಮಾಡಲಾಗುತ್ತದೆ. ತೋಟದ ಮಣ್ಣನ್ನು ಒಂದು ಅಡಿ ದಪ್ಪಕ್ಕೆ ಹರಡಿ ನೀರುಣಿಸಿದರೆ, ಅದೊಂದೇ ಚದರ ಮೀಟರಿಗೆ 500 ಕಿಲೋ ತೂಗುತ್ತದೆ. ತಾರಸಿಯ ಮೇಲೆ ಇಟ್ಟಿಗೆ ಕಟ್ಟಿ ಮಣ್ಣು ತುಂಬಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ.

ಕುಂಡಗಳ ಲೆಕ್ಕವೂ ಹೀಗೆಯೇ. ಇಪ್ಪತ್ತು ಲೀಟರ್ ಮಣ್ಣು ಹಿಡಿಯುವ ಒಂದು ಕುಂಡ ಒದ್ದೆಯಾದಾಗ 30 ಕಿಲೋಗಿಂತ ಹೆಚ್ಚು ತೂಗುತ್ತದೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಅಗಾಸಿಯಲ್ಲಿ ಅಂತಹ 60 ಕುಂಡಗಳನ್ನು ಚೆದರಿಸಿಟ್ಟರೆ ಸರಾಸರಿ ಭಾರ ಚದರ ಮೀಟರಿಗೆ 35 ಕಿಲೋವನ್ನೂ ಮುಟ್ಟದು. ಅವೇ ಕುಂಡಗಳನ್ನು ನೀರು ಹಾಯಿಸಲು ಅನುಕೂಲವೆಂದು ನಡುಮಧ್ಯದಲ್ಲಿ ಒತ್ತೊತ್ತಾಗಿ ಜೋಡಿಸಿದರೆ ಆ ಜಾಗದ ಮೇಲೆ 300 ಕಿಲೋವನ್ನು ಮೀರಿದ ಹೊರೆ ಬೀಳುತ್ತದೆ. ಆದಕಾರಣ ದೊಡ್ಡ ಕುಂಡಗಳನ್ನು ತೊಲೆ ಮತ್ತು ಗೋಡೆಗಳ ಮೇಲ್ಭಾಗದಲ್ಲಿ, ಅಂಚಿನ ಉದ್ದಕ್ಕೂ ಇಡಬೇಕು. ಬರಿಯ ಮಣ್ಣಿನ ಬದಲು ಮಣ್ಣು, ಕಾಂಪೋಸ್ಟ್ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಭಾಗದಲ್ಲಿ ಬೆರೆಸಿದರೆ ತೂಕ ಗಣನೀಯವಾಗಿ ತಗ್ಗುತ್ತದೆ, ಬೇರಿಗೂ ಹಿತವಾಗುತ್ತದೆ.

2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರಬಿಂದುವಿನಿಂದ ಇನ್ನೂರು ಕಿಲೋಮೀಟರಿಗೂ ದೂರವಿದ್ದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡರು. ಕಟ್ಟಡದ ನೆತ್ತಿಯ ಮೇಲಣ ಹೆಚ್ಚಿನ ಭಾರ ಇಂತಹ ಸಂದರ್ಭದಲ್ಲಿ ಹಿತಕರವಲ್ಲ. ಹಳೆಯ ಕಟ್ಟಡವಾದರೆ ಇಂಜಿನಿಯರರಿಗೆ ತೋರಿಸಿ, ಫ್ಲ್ಯಾಟಾದರೆ ಸೊಸೈಟಿಯ ಲಿಖಿತ ಒಪ್ಪಿಗೆ ಪಡೆದೇ ಕುಂಡಗಳನ್ನು ಮೇಲಕ್ಕೇರಿಸಬೇಕು. ಕುಂಡಗಳ ಕೆಳಗೆ ಇಟ್ಟಿಗೆ ಚೂರುಗಳನ್ನಿಟ್ಟು ಗಾಳಿಯಾಡುವಂತೆ ಮಾಡಿದರೆ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಕೆಳಮನೆಯವರೊಡನೆ ಮನಸ್ತಾಪವೂ ತಪ್ಪುತ್ತದೆ.

ನೀರು ಮತ್ತು ಉಪ್ಪು

ಅನೇಕ ಕುಂಡಗಳ ಅಂಚಿನಲ್ಲಿ ಬಿಳಿಯ ಪೊರೆ ಕಾಣಿಸುತ್ತದೆ. ಅದು ನೀರಿನಲ್ಲಿದ್ದ ಲವಣ. ಕೊಳವೆ ಬಾವಿಯ ನೀರು ಗಡುಸಾಗಿದ್ದು, ಬಿಸಿಲಿಗೆ ನೀರು ಆರಿದಾಗ ಉಪ್ಪು ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಎಲೆಯ ತುದಿ ಕಂದಾಗಿ ಸುಡುತ್ತದೆ. ಇದಕ್ಕೆ ಪರಿಹಾರವೆಂದರೆ ತಿಂಗಳಿಗೊಮ್ಮೆ ಕುಂಡದ ತಳದಿಂದ ಹೊರಹರಿಯುವಷ್ಟು ಸಿಹಿನೀರನ್ನು ಹಾಯಿಸಿ ಉಪ್ಪನ್ನು ತೊಳೆಯುವುದು. ಕುಡಿಯುವ ನೀರಿನ ಆರ್.ಓ. ಯಂತ್ರದಿಂದ ಹೊರಬರುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರುಂಟು. ಮೂಲ ನೀರಿಗಿಂತ ಹೆಚ್ಚು ಲವಣವಿರುವ ಆ ನೀರು ನೆಲ ಒರೆಸಲು ಸರಿ, ಗಿಡಕ್ಕೆ ಸಲ್ಲದು. ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರಾದರೋ ಲವಣರಹಿತವಾದುದರಿಂದ ಉಪಯುಕ್ತ.

ಮಳೆಯ ನೀರಿಗೆ ಸಮನಾದುದಿಲ್ಲ. ಅಹಮದಾಬಾದಿನ ಹಳೆಯ ಪೋಳುಗಳ ಮನೆಗಳಲ್ಲಿ ಅಂಗಳದ ಅಡಿ 'ಟಾಂಕಾ' ಎಂಬ ನೆಲತೊಟ್ಟಿಯನ್ನು ಕಟ್ಟಿ, ಮಾಳಿಗೆಯ ಮಳೆನೀರನ್ನು ವರ್ಷಪೂರ್ತಿ ಕುಡಿಯಲು ಕಾಪಾಡುತ್ತಿದ್ದರು. ಅಷ್ಟು ದೊಡ್ಡ ವ್ಯವಸ್ಥೆ ಸಾಧ್ಯವಾಗದಿದ್ದರೂ, ಮುಚ್ಚಳವಿರುವ ಒಂದೆರಡು ಪೀಪಾಯಿಗಳನ್ನು ಇಡುವುದು ಯಾರಿಗೂ ಕಷ್ಟವಲ್ಲ.

ತೋಟಗಾರನ ಆರೋಗ್ಯ

ಮುಚ್ಚಳವೆಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಡೆಂಗೀ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕನ್ನಲ್ಲ, ಮನೆಯ ತಿಳಿನೀರನ್ನೇ ಬಯಸುತ್ತದೆ. ಕುಂಡದ ಕೆಳಗಣ ತಟ್ಟೆಯೇ ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಹಿಡಿಯುತ್ತದೆಯಾದುದರಿಂದ, ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಎಲ್ಲ ತಟ್ಟೆಗಳನ್ನೂ ಬರಿದುಮಾಡಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು, ಆದಕಾರಣ ನಾರಿನಿಂದ ಉಜ್ಜಿ ತೊಳೆಯಬೇಕು. ಹಕ್ಕಿಗಳಿಗೆಂದು ಇಟ್ಟ ನೀರಿನ ಬಟ್ಟಲಿಗೂ ಇದೇ ನಿಯಮ.

ಎರಡನೆಯದು ಬಿಸಿಲು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಅಧ್ಯಯನವೊಂದು ತೋರಿಸಿತು. ಅದರ ಬಳಿಕ 2013ರಲ್ಲಿ ನಗರಪಾಲಿಕೆ ಬಿಸಿಗಾಳಿ ಎದುರಿಸುವ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ಗಿಡ ಬಾಡಿತೆಂದು ಮಧ್ಯಾಹ್ನ ಅಗಾಸಿ ಹತ್ತುವುದು ಅವಿವೇಕ. ನಡುಹಗಲಿನಲ್ಲಿ ಎಲೆ ಜೋತುಬೀಳುವುದು ಗಿಡವು ನೀರನ್ನು ಉಳಿಸಿಕೊಳ್ಳುವ ಉಪಾಯವೂ ಆಗಿರಬಹುದು. ಸಂಜೆ ಅದು ತಾನಾಗಿ ತಲೆಯೆತ್ತುತ್ತದೆ. ಬೆಳಗ್ಗೆ ಎಂಟರೊಳಗೆ ನೀರುಣಿಸಿ, ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಹಾಸಿ, ಅರ್ಧದಷ್ಟು ಬಿಸಿಲನ್ನು ತಡೆಯುವ ಹಸಿರು ಬಲೆಯನ್ನು ಮೇಲೆ ಕಟ್ಟಿದರೆ ಗಿಡವೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ತಲೆಸುತ್ತು, ವಾಕರಿಕೆ, ಗೊಂದಲದ ಮಾತು ಕಂಡರೆ ಕೂಡಲೇ ನೆರಳಿಗೆ ಕರೆತಂದು ಮೈ ತಣಿಸಿ ವೈದ್ಯರ ಸಹಾಯ ಪಡೆಯಬೇಕು.

ಮೂರನೆಯದು ಪಾರಿವಾಳ. ಹಕ್ಕಿಗಳಿಗೆ ಚಬೂತರೋ ಕಟ್ಟಿಸಿ ಕಾಳು ಹಾಕುವ ಈ ನಾಡಿನಲ್ಲಿ ಅವುಗಳ ಹಿಕ್ಕೆ ಎಲ್ಲ ಅಗಾಸಿಗಳಲ್ಲಿಯೂ ಕಾಣಸಿಗುತ್ತದೆ. ಒಣಗಿದ ಹಿಕ್ಕೆಯನ್ನು ಗುಡಿಸಿದಾಗ ಏಳುವ ಧೂಳು ಕೆಲವರಲ್ಲಿ ಶ್ವಾಸಕೋಶದ ಉರಿಯೂತಕ್ಕೆ ಕಾರಣವಾಗುತ್ತದೆ. ಮೊದಲು ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಬೇಕು. ಗೊಬ್ಬರವಾಗಿ ಬಳಸುವ ಹರಳಿಂಡಿ ಗುಜರಾತಿನಲ್ಲಿ ಸುಲಭವಾಗಿ ದೊರೆಯುತ್ತದೆಯಾದರೂ ಅದರಲ್ಲಿ ವಿಷಾಂಶವಿರಬಹುದಾದುದರಿಂದ ಮಕ್ಕಳು ಮತ್ತು ಸಾಕುನಾಯಿಗಳಿಗೆ ಎಟುಕದಂತೆ ಮಣ್ಣಿನೊಳಗೆ ಬೆರೆಸಬೇಕು. ಮುಳ್ಳು, ತಂತಿ ಚುಚ್ಚುವುದು ಸಾಮಾನ್ಯವಾದುದರಿಂದ ಧನುರ್ವಾಯುವಿನ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಂಡಿರುವುದು ಅವಶ್ಯ.

ತೋಟದಿಂದ ತಟ್ಟೆಗೆ

ಪ್ರತಿಯೊಬ್ಬರೂ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ನಾಲ್ವರ ಕುಟುಂಬಕ್ಕೆ ಅಷ್ಟನ್ನೂ ಅಗಾಸಿಯೊಂದರಿಂದ ಒದಗಿಸುವುದು ಸಾಧ್ಯವಿಲ್ಲ. ಹಾಗೆಂದು ನಂಬಿಸುವ ಮಾತಿಗೆ ಮರುಳಾಗಬಾರದು. ಆದರೆ ಸೊಪ್ಪಿನ ವಿಷಯದಲ್ಲಿ ಮಾತ್ರ ಅಗಾಸಿ ಕೈಬಿಡುವುದಿಲ್ಲ. ಹರಿವೆ, ಮೆಂತ್ಯ, ನುಗ್ಗೆ, ಬಸಳೆಗಳು ಸ್ವಲ್ಪ ಜಾಗದಲ್ಲಿ ಬೇಗ ಬೆಳೆಯುತ್ತವೆ. ಕಬ್ಬಿಣ, ಸುಣ್ಣದಂಶ ಮತ್ತು ಫೋಲಿಕ್ ಆಮ್ಲವನ್ನು ಒದಗಿಸುತ್ತವೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಚಹಾ ಕುಡಿದರೆ ಹತ್ತುವುದು ಕಡಿಮೆ. ಮೂತ್ರಪಿಂಡದಲ್ಲಿ ಕಲ್ಲಿರುವವರು ಪಾಲಕ್, ಬಸಳೆಗಳ ಪ್ರಮಾಣವನ್ನೂ, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಗುಳಿಗೆ ಸೇವಿಸುವವರು ಎಲ್ಲ ಹಸಿರುಸೊಪ್ಪಿನ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಗಿಡದ ನೆಪದಲ್ಲಿ

ಮಕ್ಕಳ ಉದ್ಯೋಗದ ಕಾರಣ ಇಳಿವಯಸ್ಸಿನಲ್ಲಿ ಕರ್ನಾಟಕದಿಂದ ಇಲ್ಲಿಗೆ ಬಂದು ನೆಲೆಸಿದ ತಂದೆತಾಯಿಗಳ ಸ್ಥಿತಿ ವಿಶೇಷವಾಗಿ ಗಮನಾರ್ಹವಾದುದು. ಭಾಷೆ ಬಾರದು, ಪರಿಚಿತರಿಲ್ಲ. ಮಗನೂ ಸೊಸೆಯೂ ಕಚೇರಿಗೆ ಹೋದ ಮೇಲೆ ಹಗಲು ಬಹಳ ದೀರ್ಘವಾಗುತ್ತದೆ. ಅಂತಹವರ ಕೈಗೆ ಹತ್ತು ಕುಂಡಗಳ ಜವಾಬ್ದಾರಿ ಬಂದರೆ, ಬೆಳಗ್ಗೆ ಎದ್ದು ನೋಡಲೊಂದು ಕಾರಣ ಸಿಗುತ್ತದೆ. ಅವರು ಬಗ್ಗದಂತೆ ಕುಂಡಗಳನ್ನು ಸೊಂಟದೆತ್ತರದ ಮೇಜಿನ ಮೇಲಿಟ್ಟು, ಕೊಡದ ಬದಲು ಕೊಳವೆಯಿಂದ ನೀರು ಬರುವಂತೆ ಮಾಡಿ, ಮೆಟ್ಟಿಲಿಗೆ ಹಿಡಿಕೆ ಹಾಕಿಸಿಕೊಡುವುದು ಮಕ್ಕಳ ಕರ್ತವ್ಯ. ಇತರ ಮನೆಗಳವರು ನೋಡಲು ಬಂದಾಗ, ಊರಿನಲ್ಲಿ ಐವತ್ತು ವರ್ಷ ಬೇಸಾಯ ಕಂಡ ಆ ಹಿರಿಯರೇ ತಿಳಿಸಿಹೇಳುವ ಸ್ಥಾನದಲ್ಲಿ ನಿಲ್ಲುತ್ತಾರೆ. ಗುಜರಾತಿ ನೆರೆಯಾಕೆಯೊಡನೆ ಕೆಸುವಿನೆಲೆಯ ಬಗ್ಗೆ ಮಾತನಾಡಲು ವ್ಯಾಕರಣದ ಅವಶ್ಯಕತೆಯೂ ಇಲ್ಲ. ಔಷಧದ ಅಂಗಡಿಯಲ್ಲಿ ದೊರೆಯದ ಈ ಪ್ರಯೋಜನ ತೋಟಕ್ಕಿಂತಲೂ ಹೆಚ್ಚಾಗಿ ತೋಟದ ಭೇಟಿಯಿಂದ ದೊರೆಯುತ್ತದೆ.

ಉತ್ತರಾಯಣದ ಎರಡು ದಿನ ಮಾತ್ರ ಅಗಾಸಿಯನ್ನು ಗಾಳಿಪಟದವರಿಗೆ ಬಿಟ್ಟುಕೊಟ್ಟು, ಕುಂಡಗಳನ್ನು ಮೂಲೆಗೆ ಸರಿಸಿ, ಮರುದಿನ ಗಿಡಗಳಿಗೆ ಸಿಕ್ಕಿಕೊಂಡ ಮಾಂಜಾ ದಾರವನ್ನು ಆಯ್ದು ತೆಗೆಯುವುದು ಒಳ್ಳೆಯದು. ಇಲ್ಲವಾದರೆ ಗುಬ್ಬಚ್ಚಿ ಪಾರಿವಾಳಗಳ ಕಾಲಿಗೆ ಅದು ಉರುಳಾಗುತ್ತದೆ. ಮೊದಲ ಭೇಟಿಗೆ ಅದರ ಮುಂದಿನ ಭಾನುವಾರಕ್ಕಿಂತ ತಕ್ಕ ದಿನವಿಲ್ಲ: ಅವರೆ ಕಾಯಿ ಬಿಟ್ಟಿರುತ್ತದೆ, ಮೆಂತ್ಯ ಕಟಾವಿಗೆ ಬಂದಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಪ್ರತಿ ಮನೆಯವರೂ ಒಂದು ಬೀಜದ ಪೊಟ್ಟಣವನ್ನೂ, ಸತ್ತ ಒಂದು ಗಿಡದ ವೃತ್ತಾಂತವನ್ನೂ ತರುವುದೆಂದು ಕಟ್ಟಳೆ ಮಾಡಿಕೊಂಡರೆ ಮುಂದಿನ ವರ್ಷದ ಬೇಸಗೆ ಇಡೀ ಬಡಾವಣೆಗೆ ಸ್ವಲ್ಪ ಸುಲಭವಾಗುವುದರಲ್ಲಿ ಸಂದೇಹವಿಲ್ಲ.